ಮೈನಸ್ 196 ಡಿಗ್ರಿ ಚಳಿಯಲ್ಲಿ ಕಾರಿನ ಬಿಡಿಭಾಗ: ಯಾವುದು ಗಡುಸಾಗುತ್ತದೆ, ಯಾವುದು ಸುಮ್ನೆ ತಣ್ಣಗಾಗುತ್ತದೆ?

ಪ್ರಶ್ನೆ: ನನ್ನ ಹಳೆಯ ಕಾರಿನ ಇಂಜಿನ್ ಮತ್ತು ಗೇರ್‌ಬಾಕ್ಸ್ ಎರಡನ್ನೂ ಬಿಚ್ಚಿ ಮತ್ತೆ ಕಟ್ಟುತ್ತಿದ್ದೇನೆ. ಬಿಡಿಭಾಗಗಳನ್ನು ಲಿಕ್ವಿಡ್ ನೈಟ್ರೋಜನ್ ಚಳಿಯಲ್ಲಿ ಒಂದು ದಿನ ಇಟ್ಟರೆ ಬಾಳಿಕೆ ದುಪ್ಪಟ್ಟಾಗುತ್ತದೆ ಎಂದು ಆ ಕೆಲಸ ಮಾಡಿಕೊಡುವವರೊಬ್ಬರು ಹೇಳಿದರು. ಗೇರ್, ಬ್ರೇಕ್ ಡಿಸ್ಕ್, ಪಿಸ್ಟನ್, ಕ್ರ್ಯಾಂಕ್‌ಶಾಫ್ಟ್, ಬೇರಿಂಗ್ ಎಲ್ಲವನ್ನೂ ಒಟ್ಟಿಗೆ ಕಳಿಸಿ ಎನ್ನುತ್ತಿದ್ದಾರೆ. ಇದು ನಿಜವೇ? ಅಷ್ಟು ಚಳಿಗೆ ಲೋಹ ಬಿರುಕು ಬಿಡುವುದಿಲ್ಲವೇ? ಡ್ರೈ ಐಸ್ ತಂದು ಮನೆಯಲ್ಲೇ ಮಾಡಬಹುದೇ? ಮಾಡಿಸಿದರೆ, ಅವರು ಮಾಡಿದ್ದಾರೋ ಇಲ್ಲವೋ ಎಂದು ತಿಳಿಯುವುದು ಹೇಗೆ? ವಾಲ್ವ್ ಸೀಟ್ ಕೂರಿಸುವುದಕ್ಕೂ ನೈಟ್ರೋಜನ್ ಬಳಸುತ್ತಾರಂತೆ, ಅದೂ ಇದೇ ಕೆಲಸವಾ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ‘ಎಲ್ಲವನ್ನೂ ಒಟ್ಟಿಗೆ’ ಅನ್ನುವ ಮಾತಿನ ಮೇಲೆ. ಗೇರ್ ಒಂದು ಲೋಹ, ಬ್ರೇಕ್ ಡಿಸ್ಕ್ ಇನ್ನೊಂದು, ಪಿಸ್ಟನ್ ಮತ್ತೊಂದು. ಐದು ಜನ ರೋಗಿಗಳನ್ನು ಸಾಲಾಗಿ ನಿಲ್ಲಿಸಿ ಎಲ್ಲರಿಗೂ ಒಂದೇ ಮಾತ್ರೆ ಕೊಡುವ ಡಾಕ್ಟರನ್ನು ನೀವು ನಂಬುತ್ತೀರಾ? ಹೀಗೆ ಲೋಹವನ್ನು ತೀವ್ರ ಚಳಿಯಲ್ಲಿಡುವ ಕ್ರಯೋಜೆನಿಕ್ ಟ್ರೀಟ್‌ಮೆಂಟ್ (ಕ್ರಯೋ) ಸುಳ್ಳಲ್ಲ. ನಾನೂ ವರ್ಷಗಟ್ಟಲೆ ಆ ಕೆಲಸ ಮಾಡಿದ್ದೇನೆ. ಆದರೆ ಅದು ಯಾವ ಲೋಹಕ್ಕೆ ಬೇಕಾದರೂ ಹಚ್ಚಬಹುದಾದ ಮುಲಾಮಲ್ಲ. ಉಕ್ಕನ್ನು ಕಾಯಿಸಿ ಎಣ್ಣೆಗೆ ಅದ್ದಿದಾಗ ಅರ್ಧಕ್ಕೆ ನಿಂತುಹೋದ ಒಂದು ಕೆಲಸವನ್ನು ಪೂರ್ತಿ ಮಾಡುವುದು, ಅಷ್ಟೇ ಅದರ ಮುಖ್ಯ ಕೆಲಸ. ಅರ್ಧಕ್ಕೆ ನಿಂತ ಕೆಲಸವೇ ಇಲ್ಲದ ಲೋಹಕ್ಕೆ ಅದರಿಂದ ಸಿಗುವುದು ತಣ್ಣನೆಯ ಒಂದು ದಿನ ಮಾತ್ರ.

ಆ ಅರ್ಧಕ್ಕೆ ನಿಂತ ಕೆಲಸ ಯಾವುದು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಗೊತ್ತಾದರೆ ಉಳಿದ ಪ್ರಶ್ನೆಗಳಿಗೆ ನೀವೇ ಅರ್ಧ ಉತ್ತರ ಕೊಟ್ಟುಕೊಳ್ಳಬಹುದು.

ಉಕ್ಕು ಅಂದರೆ ಕಬ್ಬಿಣ, ಜೊತೆಗೆ ಒಂದಿಷ್ಟು ಇಂಗಾಲ. ಉಕ್ಕನ್ನು ಕೆಂಪಗೆ, ಅಂದರೆ 800–900 ಡಿಗ್ರಿಗೆ ಕಾಯಿಸಿದಾಗ ಕಬ್ಬಿಣದ ಪರಮಾಣುಗಳು ಬೇರೆ ರೀತಿಯಲ್ಲಿ ಜೋಡಣೆಯಾಗುತ್ತವೆ. ಆ ಜೋಡಣೆಯಲ್ಲಿ ಇಂಗಾಲಕ್ಕೆ ಆರಾಮಾಗಿ ಕೂರಲು ಜಾಗ ಇರುತ್ತದೆ. ಇದಕ್ಕೆ ಆಸ್ಟೆನೈಟ್ ಅಂತ ಹೆಸರು. ಇಂಗ್ಲೆಂಡಿನ ಲೋಹಶಾಸ್ತ್ರಜ್ಞ ವಿಲಿಯಂ ಚಾಂಡ್ಲರ್ ರಾಬರ್ಟ್ಸ್-ಆಸ್ಟೆನ್ ನೆನಪಿಗೆ ಇಟ್ಟ ಹೆಸರದು. ನಿಧಾನಕ್ಕೆ ತಣಿಸಿದರೆ ಇಂಗಾಲ ಸಾವಕಾಶವಾಗಿ ಹೊರಬರುತ್ತದೆ, ಉಕ್ಕು ಮೆತ್ತಗೇ ಉಳಿಯುತ್ತದೆ. ಥಟ್ಟನೆ ಎಣ್ಣೆಗೋ ನೀರಿಗೋ ಅದ್ದಿದರೆ ಇಂಗಾಲಕ್ಕೆ ಹೊರಬರಲು ಸಮಯವೇ ಸಿಗುವುದಿಲ್ಲ. ಕಬ್ಬಿಣದ ಹಂದರ ಬದಲಾಗುತ್ತದೆ, ಇಂಗಾಲ ಒಳಗೇ ಸಿಕ್ಕಿಹಾಕಿಕೊಂಡು ಹಂದರವನ್ನು ಎಳೆದು ಬಿಗಿಯುತ್ತದೆ. ಹಾಗೆ ಬಿಗಿದದ್ದೇ ಮಾರ್ಟೆನ್ಸೈಟ್. ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್ ಹೆಸರಿನದು. ಗೇರಿನ ಹಲ್ಲು, ಬೇರಿಂಗಿನ ಗುಂಡು, ಚಾಕುವಿನ ಬಾಯಿ, ಇವೆಲ್ಲ ಗಡುಸಾಗಿರುವುದು ಇದರಿಂದಲೇ.

ಇಲ್ಲೊಂದು ವಿಷಯ ಗಮನಿಸಿ. ಆಸ್ಟೆನೈಟ್ ಮಾರ್ಟೆನ್ಸೈಟ್ ಆಗುವುದು ಎಷ್ಟು ಹೊತ್ತು ಕಾದಿರಿ ಅನ್ನುವುದರ ಮೇಲೆ ನಿಂತಿಲ್ಲ, ಎಷ್ಟು ತಣಿಸಿದಿರಿ ಅನ್ನುವುದರ ಮೇಲೆ ನಿಂತಿದೆ. ಒಂದು ಉಷ್ಣಾಂಶದಲ್ಲಿ ಶುರುವಾಗುತ್ತದೆ, ಇನ್ನೊಂದರಲ್ಲಿ ಮುಗಿಯುತ್ತದೆ. ಇಂಗಾಲ, ಮ್ಯಾಂಗನೀಸ್, ಕ್ರೋಮಿಯಂ, ನಿಕ್ಕಲ್ ಜಾಸ್ತಿಯಾದಷ್ಟೂ ಈ ಎರಡೂ ಗೆರೆಗಳು ಕೆಳಗೆ ಜಾರುತ್ತವೆ. ಇಂಗಾಲ 0.4 ಶೇಕಡಾ ಇರುವ ಸಾಮಾನ್ಯ ಉಕ್ಕಿನಲ್ಲಿ ಕೆಲಸ ಕೋಣೆಯ ಉಷ್ಣಾಂಶಕ್ಕೆ ಬರುವ ಮೊದಲೇ ಮುಗಿದಿರುತ್ತದೆ. ಇಂಗಾಲ ಸುಮಾರು 0.6 ಶೇಕಡಾ ದಾಟಿತೆಂದರೆ ಮುಗಿಯುವ ಗೆರೆ ಕೋಣೆಯ ಉಷ್ಣಾಂಶಕ್ಕಿಂತ ಕೆಳಗೆ ಹೋಗುತ್ತದೆ. ಎಣ್ಣೆಯ ತೊಟ್ಟಿ ಇರುವುದು ಕೋಣೆಯಲ್ಲಿ. ಹಾಗಾಗಿ ಅಲ್ಲಿಗೆ ತಣಿದು ನಿಂತ ಉಕ್ಕಿನಲ್ಲಿ ಒಂದಷ್ಟು ಆಸ್ಟೆನೈಟ್ ಬದಲಾಗದೇ ಉಳಿದುಬಿಡುತ್ತದೆ.

ಈ ಉಳಿಕೆ ಆಸ್ಟೆನೈಟ್ ಮೆತ್ತಗಿರುತ್ತದೆ. ಅಷ್ಟೇ ಆಗಿದ್ದರೆ ಪರವಾಗಿಲ್ಲ, ಇದನ್ನು ನಂಬುವ ಹಾಗೂ ಇಲ್ಲ. ತಿಂಗಳುಗಳ ನಂತರ ಒತ್ತಡಕ್ಕೋ ಚಳಿಗೋ ತಾನಾಗಿಯೇ ಮಾರ್ಟೆನ್ಸೈಟ್ ಆಗಬಹುದು. ಆಗುವಾಗ ಅದರ ಗಾತ್ರ ಸುಮಾರು 4 ಶೇಕಡಾ ಹಿಗ್ಗುತ್ತದೆ. ಮೈಕ್ರಾನ್ ಲೆಕ್ಕದಲ್ಲಿ ಅರೆದು ಕೂರಿಸಿದ ಭಾಗ ಒಳಗಿಂದೊಳಗೆ ಉಬ್ಬಿದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಅಳತೆಯ ಗೇಜ್ ಬ್ಲಾಕ್, ಡೀಸೆಲ್ ಇಂಜೆಕ್ಟರಿನ ಸೂಜಿಯಂಥ ಭಾಗಗಳನ್ನು ತಯಾರಕರೇ ಶೂನ್ಯಕ್ಕಿಂತ ಕೆಳಗೆ ತಣಿಸುವುದು ಮುಖ್ಯವಾಗಿ ಇದೇ ಕಾರಣಕ್ಕೆ. ಅಲ್ಲಿ ಅವರು ಹುಡುಕುವುದು ಹೆಚ್ಚಿನ ಗಡಸುತನವನ್ನಲ್ಲ, ಅಳತೆ ಅಲುಗಾಡದಿರುವುದನ್ನು.

ಹೀಗೆ ಕ್ವೆಂಚಿಂಗನ್ನು, ಅಂದರೆ ಕಾಯಿಸಿ ಥಟ್ಟನೆ ತಣಿಸುವುದನ್ನು, ಮುಂದುವರಿಸಿ ಮುಗಿಸುವ ಕೆಲಸಕ್ಕೆ ಬಹಳಷ್ಟು ಉಕ್ಕುಗಳಿಗೆ ಮೈನಸ್ 80 ಡಿಗ್ರಿ ಸುಮಾರು ಸಾಕು. ಹಾಗಿದ್ದರೆ ನೈಟ್ರೋಜನ್ ಕುದಿಯುವ ಮೈನಸ್ 196ರವರೆಗೆ ಯಾಕೆ ಹೋಗಬೇಕು? ಅಮೆರಿಕದ ಲೂಸಿಯಾನಾ ಟೆಕ್ ವಿಶ್ವವಿದ್ಯಾಲಯದ ರಾಂಡಾಲ್ ಬ್ಯಾರನ್ ಬೇರೆ ಬೇರೆ ಲೋಹಗಳನ್ನು ಮೈನಸ್ 84ರಲ್ಲೂ ಮೈನಸ್ 196ರಲ್ಲೂ ಇಟ್ಟು ಸವೆತ ಅಳೆದು 1982ರಲ್ಲಿ ಪ್ರಕಟಿಸಿದರು. ಟೂಲ್ ಸ್ಟೀಲ್‌ಗಳು, ಅಂದರೆ ಕತ್ತರಿಸುವ ಉಪಕರಣ, ಅಚ್ಚು ಮಾಡುವ ಉಕ್ಕುಗಳು, ಮೈನಸ್ 196ರಲ್ಲಿ ಇನ್ನೂ ಚೆನ್ನಾಗಿ ಸವೆತ ತಡೆದವು. ಉಳಿಕೆ ಆಸ್ಟೆನೈಟ್ ಒಂದರಿಂದಲೇ ಇದನ್ನು ವಿವರಿಸಲು ಆಗುವುದಿಲ್ಲ. 1994ರಲ್ಲಿ ಜಪಾನಿನಲ್ಲಿ 12 ಶೇಕಡಾ ಕ್ರೋಮಿಯಂ, 1.4 ಶೇಕಡಾ ಇಂಗಾಲದ ಟೂಲ್ ಸ್ಟೀಲನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಳಗೆ ತುಂಬ ಸಣ್ಣ ಕಾರ್ಬೈಡ್ (ಲೋಹ ಮತ್ತು ಇಂಗಾಲ ಸೇರಿದ ಗಡುಸು ವಸ್ತು) ಕಣಗಳು ಕಂಡವು. ಆಳವಾದ ಚಳಿಯಲ್ಲಿ ಹಂದರ ಕುಗ್ಗಿ, ಇಂಗಾಲದ ಪರಮಾಣುಗಳು ಕೂದಲೆಳೆಯಷ್ಟೂ ಅಲ್ಲದ ದೂರ ಸರಿದು ಗುಂಪು ಕಟ್ಟುತ್ತವೆ. ಆಮೇಲೆ ಹದವಾಗಿ ಕಾಯಿಸಿದಾಗ ಆ ಗುಂಪುಗಳೇ ಬೀಜವಾಗಿ ನವಿರಾದ ಕಾರ್ಬೈಡ್ ಹುಟ್ಟುತ್ತದೆ. ಇದು ಈಗ ಹೆಚ್ಚಿನವರು ಒಪ್ಪುವ ವಿವರಣೆ, ತಕರಾರು ಪೂರ್ತಿ ಮುಗಿದಿಲ್ಲ.

ಬ್ಯಾರನ್ ಅವರ ಅದೇ ಪರೀಕ್ಷೆಯಲ್ಲಿ ಇನ್ನೊಂದು ಫಲಿತಾಂಶವೂ ಇತ್ತು. ಜಾಹೀರಾತುಗಳು ಅದನ್ನು ಹೇಳುವುದೇ ಇಲ್ಲ. ಸಾದಾ ಕಾರ್ಬನ್ ಉಕ್ಕಿಗೂ ಬೀಡು ಕಬ್ಬಿಣಕ್ಕೂ ಏನೂ ಲಾಭ ಆಗಲಿಲ್ಲ. ಬ್ರೇಕ್ ಡಿಸ್ಕ್ ವಿಷಯಕ್ಕೆ ಬಂದಾಗ ಇದನ್ನು ನೆನಪಿಟ್ಟುಕೊಳ್ಳಿ.

ಈಗ ಸಮಯದ ವಿಷಯ. ನನ್ನ ಪ್ರಕಾರ ನಿಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲೇ. ಉಳಿಕೆ ಆಸ್ಟೆನೈಟ್ ಎಣ್ಣೆಯಿಂದ ಹೊರಬಂದ ಹೊಸದರಲ್ಲಿ ಮಾತು ಕೇಳುತ್ತದೆ. ಆಗಲೇ ಚಳಿಗೆ ಕಳಿಸಿದರೆ ಬೇಗ ಬದಲಾಗುತ್ತದೆ. ಕೆಲವು ಗಂಟೆ ಸುಮ್ನೆ ಬಿಟ್ಟರೆ ಮೊಂಡಾಗುತ್ತದೆ. ಟೆಂಪರಿಂಗ್, ಅಂದರೆ ಪೆಡಸು ಕಡಿಮೆಯಾಗಲು ಮತ್ತೆ ಹದವಾಗಿ ಕಾಯಿಸುವುದು, ಮಾಡಿದ ಮೇಲಂತೂ ಇನ್ನೂ ಮೊಂಡು. ನಿಮ್ಮ ಕೈಯಲ್ಲಿರುವ ಭಾಗಗಳು ಕ್ವೆಂಚಿಂಗ್ ಆಗಿ, ಟೆಂಪರಿಂಗ್ ಆಗಿ, ಅರೆದು, ಲಕ್ಷ ಕಿಲೋಮೀಟರ್ ಓಡಿ ಬಂದವು. ಹೊಸ ಟೂಲ್ ಸ್ಟೀಲನ್ನು ಕುಲುಮೆಯಿಂದ ನೇರವಾಗಿ ಚಳಿಗೆ ಹಾಕಿ ಪಡೆದ ಫಲಿತಾಂಶವನ್ನು ತೋರಿಸಿ ನಿಮ್ಮ ಹಳೆಯ ಗೇರಿಗೂ ಅಷ್ಟೇ ಆಗುತ್ತದೆ ಅನ್ನುವುದು ಮೋಸ ಅಲ್ಲದಿದ್ದರೂ ಅಜ್ಞಾನ.

ಗೇರಿನಿಂದಲೇ ಶುರು ಮಾಡೋಣ, ಯಾಕೆಂದರೆ ನಿಮ್ಮ ಪಟ್ಟಿಯಲ್ಲಿ ಚಳಿಗೆ ಏನಾದರೂ ಸ್ಪಂದಿಸುವ ಕೆಲವೇ ಭಾಗಗಳಲ್ಲಿ ಇದೊಂದು. ಕಾರಿನ ಗೇರ್ ಸಾಮಾನ್ಯವಾಗಿ ಕಾರ್ಬರೈಸಿಂಗ್ ಮಾಡಿದ್ದು. ಒಳಗಿನ ತಿರುಳಿನಲ್ಲಿ 0.2 ಶೇಕಡಾ ಆಸುಪಾಸು ಇಂಗಾಲ, ಹಾಗಾಗಿ ಗಟ್ಟಿಯಾದರೂ ಬಾಗಿ ತಡೆದುಕೊಳ್ಳುತ್ತದೆ. ಹಲ್ಲಿನ ಮೇಲ್ಮೈಗೆ ಮಾತ್ರ ಕುಲುಮೆಯಲ್ಲಿ ಇಂಗಾಲ ಉಣಿಸಿ ಸುಮಾರು 0.8 ಶೇಕಡಾಕ್ಕೆ ಏರಿಸಿರುತ್ತಾರೆ. ಹಾಗಾಗಿ ಮೇಲ್ಮೈಯಲ್ಲಿ 10ರಿಂದ 30 ಶೇಕಡಾದವರೆಗೂ ಉಳಿಕೆ ಆಸ್ಟೆನೈಟ್ ಇರಬಹುದು. ಚಳಿಗೆ ಹಾಕಿದರೆ ಅದರಲ್ಲಿ ಒಂದು ಪಾಲು ಮಾರ್ಟೆನ್ಸೈಟ್ ಆಗುತ್ತದೆ. ಗಡಸುತನ ಒಂದೆರಡು ಅಂಕ ಏರುತ್ತದೆ, ಉಜ್ಜಿ ಸವೆಯುವುದು ಕಡಿಮೆಯಾಗುತ್ತದೆ. ಒಳ್ಳೆಯದೇ ಆಯ್ತಲ್ಲ ಅಂತೀರಾ?

ಗೇರ್ ಸಾಯುವುದು ಉಜ್ಜಿ ಸವೆದಲ್ಲ ಅನ್ನುವುದೇ ತೊಂದರೆ. ಹಲ್ಲಿನ ಮುಖದಲ್ಲಿ ಸಣ್ಣ ಗುಳಿಗಳು ಬೀಳುತ್ತವೆ, ಇಲ್ಲವೇ ಹಲ್ಲಿನ ಬುಡದಲ್ಲಿ ಸೀಳು ಹುಟ್ಟಿ ಹಲ್ಲೇ ಕಳಚುತ್ತದೆ. ಎರಡೂ ಲೋಹದ ದಣಿವಿನಿಂದ, ಕೋಟಿಗಟ್ಟಲೆ ಸಲ ಭಾರ ಬಿದ್ದು ಎದ್ದು ಆಗುವಂಥವು. ಅಲ್ಲಿ ಸ್ವಲ್ಪ ಆಸ್ಟೆನೈಟ್ ಇದ್ದರೆ ಒಳ್ಳೆಯದೇ. ಅದು ಕೊಂಚ ತಗ್ಗಿ ಭಾರವನ್ನು ಅಗಲಕ್ಕೆ ಹಂಚುತ್ತದೆ. ಹೆಚ್ಚಿನ ಭಾರ ಬಿದ್ದ ಜಾಗದಲ್ಲಿ ತಾನೇ ಮಾರ್ಟೆನ್ಸೈಟ್ ಆಗಿ ಉಬ್ಬಿ, ಸೀಳು ಬಾಯಿ ತೆರೆಯದಂತೆ ಒತ್ತಿ ಹಿಡಿಯುತ್ತದೆ. ಹಾಗಾಗಿ ಎಷ್ಟೋ ಗೇರ್ ವಿನ್ಯಾಸಗಾರರು ಬೇಕೆಂದೇ ಅದನ್ನು ಉಳಿಸುತ್ತಾರೆ. ಇನ್ನೊಂದು ಅಪಾಯವೂ ಇದೆ. ಕಾರ್ಬರೈಸ್ ಆದ ಪದರವನ್ನು ಚಳಿಗೆ ಒಡ್ಡಿದಾಗ ಹೊಸ ಮಾರ್ಟೆನ್ಸೈಟ್ ಹಿಗ್ಗಿ ಪಕ್ಕದಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ಬಿರುಕು ಮೂಡಬಹುದು. ಬುಡದ ದಣಿವಿನ ಶಕ್ತಿ ಕಡಿಮೆಯಾಗಬಹುದು. ಕಾರ್ಬರೈಸ್ ಮಾಡಿದ ಗೇರನ್ನು ಕೊಳ್ಳುವವರ ಒಪ್ಪಿಗೆ ಇಲ್ಲದೆ ಶೂನ್ಯಕ್ಕಿಂತ ಕೆಳಗೆ ತಣಿಸಬಾರದು ಅಂತ ಕರಾರಿನಲ್ಲಿ ಬರೆಸುವ ಪದ್ಧತಿ ಸುಮ್ನೆ ಬಂದದ್ದಲ್ಲ.

ರೇಸಿಗೆ ಹೊಸದಾಗಿ ಗೇರ್ ಕೊರೆಸುವವರ ಮಾತು ಬೇರೆ. ಅಲ್ಲಿ ತಯಾರಕ ಉಕ್ಕನ್ನು ಆರಿಸುವಾಗಲೇ ಚಳಿಯನ್ನೂ ಲೆಕ್ಕಕ್ಕೆ ಹಿಡಿದು, ಕ್ವೆಂಚಿಂಗ್ ಆದ ಕೂಡಲೇ ಅದನ್ನು ಮಾಡಿ, ಆಮೇಲೆ ಟೆಂಪರ್ ಮಾಡುತ್ತಾನೆ. ನಿಮ್ಮದು ಓಡಿದ ಗೇರ್. ಅದರ ಹಲ್ಲಿನ ಬುಡದಲ್ಲಿ ಈಗಾಗಲೇ ಸೀಳು ಹುಟ್ಟಿದ್ದರೆ ಯಾವ ಚಳಿಯೂ ಅದನ್ನು ಹೊಲಿಯುವುದಿಲ್ಲ. ಆ ಖರ್ಚಿನಲ್ಲಿ ಹಲ್ಲುಗಳಿಗೆ ಬಿರುಕು ಪತ್ತೆಯ ಮ್ಯಾಗ್ನೆಟಿಕ್ ಪರೀಕ್ಷೆ ಮಾಡಿಸಿ. ಶಾಫ್ಟಿನ ಬೇರಿಂಗ್ ಸಡಿಲವಾಗಿದ್ದರೆ ಬದಲಿಸಿ. ಗೇರ್‌ಗಳು ಒಂದಕ್ಕೊಂದು ಓರೆಯಾಗಿ ಕಚ್ಚುವುದು ಅದರಿಂದಲೇ, ಹಲ್ಲು ಹಾಳಾಗುವುದೂ ಬಹುಪಾಲು ಅದರಿಂದಲೇ. ಗೇರ್ ಬದಲಿಸುವಾಗ ವೇಗ ಹೊಂದಿಸುವ ಸಿಂಕ್ರೊ ರಿಂಗ್ ಹಿತ್ತಾಳೆಯದಾಗಿದ್ದರೆ ಅದರಲ್ಲಿ ಮಾರ್ಟೆನ್ಸೈಟ್ ಆಟವೇ ಇಲ್ಲ.

ಇನ್ನು ಬ್ರೇಕ್ ಡಿಸ್ಕ್. ಕ್ರಯೋ ಮಾರಾಟ ಜೋರಾಗಿ ನಡೆಯುವುದು ಇದರ ಮೇಲೆಯೇ, ಹಾಗಾಗಿ ಸ್ವಲ್ಪ ನಿಂತು ನೋಡೋಣ. ಸಾಮಾನ್ಯ ಡಿಸ್ಕ್ ಬೂದು ಬೀಡು ಕಬ್ಬಿಣದ್ದು. ಇಂಗಾಲ 3 ಶೇಕಡಾಕ್ಕಿಂತ ಜಾಸ್ತಿ ಇರುತ್ತದೆ ನಿಜ, ಆದರೆ ಅದರ ಬಹುಪಾಲು ಗ್ರ್ಯಾಫೈಟ್ ಹಾಳೆಗಳಾಗಿ ಬೇರೆಯಾಗಿ ಕೂತಿದೆ. ಉಳಿದ ಕಬ್ಬಿಣ ಪರ್ಲೈಟ್ ಅನ್ನುವ ರೂಪದಲ್ಲಿದೆ. ಅದು ನಿಧಾನಕ್ಕೆ ತಣಿದು ಆದದ್ದು. ಯಾರೂ ಡಿಸ್ಕನ್ನು ಕಾಯಿಸಿ ಎಣ್ಣೆಗೆ ಅದ್ದಿಲ್ಲ. ಅದ್ದೇ ಇಲ್ಲದ ಮೇಲೆ ಉಳಿಕೆ ಆಸ್ಟೆನೈಟ್ ಎಲ್ಲಿಂದ ಬರಬೇಕು?

ನ್ಯಾಯವಾಗಿ ಇನ್ನೊಂದು ಪಕ್ಕವನ್ನೂ ಹೇಳಬೇಕು. ಬ್ಯಾರನ್ ನಂತರ ಬಂದ ಕೆಲವು ಪ್ರಯೋಗಗಳಲ್ಲಿ, ತಿರುಗುವ ಬಿಲ್ಲೆಯ ಮೇಲೆ ಪಿನ್ ಒತ್ತಿ ಸವೆತ ಅಳೆದಾಗ, ಚಳಿಗೆ ಹಾಕಿದ ಬೂದು ಬೀಡು ಕಡಿಮೆ ಸವೆದದ್ದು ಕಂಡಿದೆ. ಆದರೆ ಭಾರ, ವೇಗ ಬದಲಿಸಿದಂತೆ ಆ ಲಾಭ ಕೆಲವೇ ಶೇಕಡಾದಿಂದ ಬಹಳ ದೊಡ್ಡ ಅಂಕಿಯವರೆಗೆ ಹಾರಾಡುತ್ತದೆ. ಅಷ್ಟು ಹಾರಾಡುವ ಅಂಕಿಯನ್ನು ಹಿಡಿದು ನಾನು ಯಾರಿಗೂ ದುಪ್ಪಟ್ಟು ಬಾಳಿಕೆ ಅಂತ ಮಾತು ಕೊಡುವುದಿಲ್ಲ. ಜೋರಾಗಿ ಬ್ರೇಕ್ ಹಿಡಿದಾಗ ಡಿಸ್ಕಿನ ಮುಖ ನೂರಾರು ಡಿಗ್ರಿಗೆ ಏರುತ್ತದೆ, ಮತ್ತೆ ಇಳಿಯುತ್ತದೆ, ಮಳೆ ನೀರು ಬೀಳುತ್ತದೆ, ತುಕ್ಕು ಹಿಡಿಯುತ್ತದೆ, ಪ್ಯಾಡ್ ಬದಲಾಗುತ್ತದೆ. ಪ್ರಯೋಗಾಲಯದ ಪಿನ್ ಇದನ್ನೆಲ್ಲ ಕಂಡಿರುವುದಿಲ್ಲ.

‘ಡಿಸ್ಕ್ ಸೊಟ್ಟಾಗುವುದಿಲ್ಲ, ಒಳಗಿನ ಒತ್ತಡ ಎಲ್ಲ ಬಿಟ್ಟುಹೋಗುತ್ತದೆ’ ಅನ್ನುವ ಮಾತೂ ನಿಮ್ಮ ಕಿವಿಗೆ ಬಿದ್ದಿರಬಹುದು. ಎರಕದ ಒಳ ಒತ್ತಡ ತೆಗೆಯಲು ಅದನ್ನು 500–600 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಆ ಬಿಸಿಯಲ್ಲಿ ಲೋಹ ಮೆತ್ತಗಾಗಿ ಒಳಗೆ ಕೊಂಚ ಸರಿದು ಹಗುರಾಗುತ್ತದೆ. ಚಳಿಯಲ್ಲಿ ಲೋಹ ಇನ್ನೂ ಬಿಗಿಯಾಗುತ್ತದೆಯೇ ಹೊರತು ಸರಿಯುವುದಿಲ್ಲ. ಇಲ್ಲಿ ಒಂದು ತಮಾಷೆ ಇದೆ. ಅಲ್ಯುಮಿನಿಯಂ ಭಾಗಗಳಿಗೆ ‘ಅಪ್‌ಹಿಲ್ ಕ್ವೆಂಚಿಂಗ್’ ಅನ್ನುವ ಹಳೆಯ ವಿಧಾನ ಇದೆ. ಲಿಕ್ವಿಡ್ ನೈಟ್ರೋಜನ್‌ನಲ್ಲಿ ತಣಿಸಿ, ಆಮೇಲೆ ಥಟ್ಟನೆ ಹಬೆ ಹೊಡೆಯುತ್ತಾರೆ. ಆ ಹಠಾತ್ ಬಿಸಿ ಹಿಂದೆ ತಣಿಸಿದಾಗ ಹುಟ್ಟಿದ ಒತ್ತಡಕ್ಕೆ ಎದುರಾದ ಒತ್ತಡ ಹುಟ್ಟಿಸಿ ಅದನ್ನು ಇಳಿಸುತ್ತದೆ. ಕೆಲಸ ಮಾಡುವುದು ಆ ಹಠಾತ್ ಬಿಸಿ. ನಿಧಾನಕ್ಕೆ ಇಳಿಸಿ ನಿಧಾನಕ್ಕೆ ಏರಿಸುವ ಕ್ರಯೋ ಪೆಟ್ಟಿಗೆಯಲ್ಲಿ ಅದು ಇರುವುದೇ ಇಲ್ಲ.

ಬ್ರೇಕ್ ಹಿಡಿದಾಗ ಪೆಡಲ್ ನಡುಗಿದರೆ ಎಲ್ಲರೂ ಡಿಸ್ಕ್ ಸೊಟ್ಟಾಯಿತು ಅಂತಾರೆ. ಬಹಳ ಸಲ ಅದು ಸೊಟ್ಟಾಗಿರುವುದಿಲ್ಲ. ಪ್ಯಾಡಿನ ವಸ್ತು ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿ ಅಂಟಿರುತ್ತದೆ. ಇಲ್ಲವೇ ಡಿಸ್ಕ್ ಕೂರುವ ಹಬ್‌ನ ಮುಖದಲ್ಲಿ ತುಕ್ಕಿನ ಚಕ್ಕೆ ಕೂತು ಡಿಸ್ಕ್ ಓರೆಯಾಗಿ, ತಿರುಗಿದಂತೆಲ್ಲ ದಪ್ಪ ಏರುಪೇರಾಗಿರುತ್ತದೆ. ಹಬ್ ಅನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ, ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಿ, ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲೇ ಬಿಗಿಯಿರಿ, ಹೊಸ ಪ್ಯಾಡನ್ನು ಮೊದಲ ದಿನಗಳಲ್ಲಿ ಹದವಾಗಿ ಪಳಗಿಸಿ. ನಾನು ಕಂಡಂತೆ ಡಿಸ್ಕಿನ ಆಯುಷ್ಯಕ್ಕೆ ಇಷ್ಟು ಮಾಡಿದ ಲಾಭವನ್ನು ಯಾವ ಪೆಟ್ಟಿಗೆಯೂ ಕೊಟ್ಟಿಲ್ಲ. ಪ್ಯಾಡನ್ನೂ ಜೊತೆಗೆ ಕಳಿಸಿ ಅಂದರೆ ಕಳಿಸಬೇಡಿ. ಅದು ಅಂಟಿನಲ್ಲಿ ಬೆಸೆದ ಮಿಶ್ರಣ, ಲೋಹದ ಶಾಸ್ತ್ರ ಅದಕ್ಕೆ ಅನ್ವಯಿಸುವುದಿಲ್ಲ.

ಪಿಸ್ಟನ್ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಅದು ಅಲ್ಯುಮಿನಿಯಂ-ಸಿಲಿಕಾನ್ ಮಿಶ್ರಲೋಹ. ಅಲ್ಯುಮಿನಿಯಂ ಹಂದರ ಎಷ್ಟೇ ತಣಿಸಿದರೂ ರೂಪ ಬದಲಿಸುವುದಿಲ್ಲ. ಕೋಣೆಯಿಂದ ಮೈನಸ್ 196ಕ್ಕೆ ಹೋದಾಗ ಸುಮಾರು 0.4 ಶೇಕಡಾ ಕುಗ್ಗುತ್ತದೆ, ವಾಪಸ್ ಬಂದಾಗ ಮೊದಲಿನಂತೆ ಹಿಗ್ಗುತ್ತದೆ. ಲಾಭವಿಲ್ಲ, ನಷ್ಟ ನಿಮ್ಮ ಜೇಬಿಗೆ.

ಕ್ರ್ಯಾಂಕ್‌ಶಾಫ್ಟ್ ಕೂಡ ಹೆಚ್ಚು ಕಡಿಮೆ ಹಾಗೆಯೇ. ಅದು ಗುಂಡು ಗ್ರ್ಯಾಫೈಟಿನ ಬೀಡಾಗಿರಬಹುದು, ಇಲ್ಲವೇ ಮಧ್ಯಮ ಇಂಗಾಲದ ಫೋರ್ಜ್ ಮಾಡಿದ ಉಕ್ಕು. ಜರ್ನಲ್‌ಗಳನ್ನು (ಬೇರಿಂಗಿನಲ್ಲಿ ತಿರುಗುವ ನುಣುಪು ಭಾಗಗಳನ್ನು) ಇಂಡಕ್ಷನ್‌ನಲ್ಲಿ, ಅಂದರೆ ವಿದ್ಯುತ್ ಸುರುಳಿಯಿಂದ ಕಾಯಿಸಿ, ಗಡುಸು ಮಾಡಿದ್ದರೂ ಇಂಗಾಲ 0.4–0.5 ಶೇಕಡಾ ಇರುವಾಗ ಉಳಿಕೆ ಆಸ್ಟೆನೈಟ್ ತೀರಾ ಕಮ್ಮಿ. ನೈಟ್ರೈಡ್ ಮಾಡಿದ್ದಾದರೆ ಅದರ ಗಡಸುತನವೇ ಬೇರೆ ಜಾತಿಯದು, 500 ಡಿಗ್ರಿ ಮೇಲೆ ಮೇಲ್ಮೈಗೆ ನೈಟ್ರೋಜನ್ ಇಂಗಿಸಿ ಪಡೆದದ್ದು. ಹೆಸರು ಒಂದೇ ಅಂತ ಗೊಂದಲ ಬೇಡ. ಅದಕ್ಕೂ ಲಿಕ್ವಿಡ್ ನೈಟ್ರೋಜನ್‌ಗೂ ಸಂಬಂಧವಿಲ್ಲ. ಆ ಪದರ ಬಹಳ ತೆಳು. ಜರ್ನಲ್ ಅರೆಸುವಾಗ ಅದು ಉಜ್ಜಿಹೋಗದಂತೆ ನೋಡಿಕೊಳ್ಳಿ, ನಿಮ್ಮ ಚಿಂತೆ ಅಲ್ಲಿರಲಿ.

ಬೇರಿಂಗಿನಲ್ಲಿ ಎರಡು ಜಾತಿ. ಕ್ರ್ಯಾಂಕಿನ ಶೆಲ್ ಬೇರಿಂಗ್ ಉಕ್ಕಿನ ಬೆನ್ನಿಗೆ ಮೆತ್ತನೆ ಲೋಹದ ಪದರ ಹೊಂದಿಸಿದ್ದು. ಮೆತ್ತಗಿರುವುದೇ ಅದರ ಗುಣ, ಗಡುಸು ಮಾಡುವ ಮಾತೇ ಇಲ್ಲ. ಬಾಲ್ ಬೇರಿಂಗಿನ ಉಕ್ಕಿನಲ್ಲಿ ಸುಮಾರು 1 ಶೇಕಡಾ ಇಂಗಾಲ, 1.5 ಶೇಕಡಾ ಕ್ರೋಮಿಯಂ ಇದೆ, ಉಳಿಕೆ ಆಸ್ಟೆನೈಟ್ ಇರುತ್ತದೆ, ಹಾಗಾಗಿ ಚಳಿ ಕೆಲಸ ಮಾಡಬಹುದು. ನಾನು ಬೇಡ ಅನ್ನುವುದೂ ಅದಕ್ಕೇ. ಒಳಗಿನ ಆಡುಜಾಗ ಮೈಕ್ರಾನ್‌ಗಳಲ್ಲಿ ಇರುವಾಗ ಮುಗಿಸಿ ಜೋಡಿಸಿದ ಬೇರಿಂಗನ್ನು ಉಬ್ಬಿಸಿ ಏನು ಪ್ರಯೋಜನ? ಗ್ರೀಸ್, ರಬ್ಬರ್ ಸೀಲ್, ಪ್ಲಾಸ್ಟಿಕ್ ಪಂಜರ ಇದ್ದರಂತೂ ಆ ಕಡೆ ತಲೆಯೇ ಹಾಕಬೇಡಿ.

ಬಿರುಕಿನ ಬಗ್ಗೆ ಕೇಳಿದ್ದಿರಿ. ಇಲ್ಲಿ ಎರಡು ಬೇರೆ ವಿಷಯ ಸೇರಿಕೊಂಡಿವೆ. ಸಾಮಾನ್ಯ ಉಕ್ಕು ತೀರಾ ತಣ್ಣಗಾದಾಗ ಪೆಡಸಾಗುತ್ತದೆ, ಸುತ್ತಿಗೆಯಲ್ಲಿ ಹೊಡೆದರೆ ಗಾಜಿನಂತೆ ಸಿಡಿಯಬಹುದು. ಅದು ತಣ್ಣಗಿರುವವರೆಗೆ ಮಾತ್ರ, ಕೋಣೆಯ ಬಿಸಿಗೆ ಬಂದಾಗ ಹಳೆಯ ಗುಣ ವಾಪಸ್ ಬರುತ್ತದೆ. ಹೆದರಬೇಕಾದದ್ದು ಎರಡನೆಯದಕ್ಕೆ. ಹೊರಗೆ ಬೇಗ, ಒಳಗೆ ತಡವಾಗಿ ತಣಿದರೆ, ಜೊತೆಗೆ ಹೊಸ ಮಾರ್ಟೆನ್ಸೈಟ್ ಹಿಗ್ಗಿದರೆ, ಮೂಲೆಗಳಲ್ಲಿ ಸೀಳು ಬಿಡುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಳಮೂಲೆ ಚೂಪಾಗಿದ್ದ ಒಂದು ಡೈಯನ್ನು (ಉಕ್ಕಿನ ಅಚ್ಚನ್ನು) ಅವಸರದಲ್ಲಿ ಬೇಗ ಇಳಿಸಿದ್ದೆ. ಮುಚ್ಚಳ ತೆಗೆಯುವಾಗ ‘ಟಿಕ್’ ಅಂತ ಒಂದು ಸಣ್ಣ ಸದ್ದು. ಮೂಲೆಯಿಂದ ಮೂಲೆಗೆ ಕೂದಲಿನಷ್ಟು ತೆಳು ಗೆರೆ. ಮೂರು ವಾರ ಕೂತು ಕೊರೆದ ಡೈ ಅದು. ಆ ಸದ್ದು ಈಗಲೂ ಕಿವಿಯಲ್ಲಿದೆ.

ಹಾಗಾಗಿ ಸರಿಯಾಗಿ ಮಾಡುವವರು ಭಾಗವನ್ನು ದ್ರವದಲ್ಲಿ ಮುಳುಗಿಸುವುದಿಲ್ಲ. ಶಾಖ ಒಳಬರದಂತೆ ಕಟ್ಟಿದ ಪೆಟ್ಟಿಗೆಯೊಳಗೆ ತಣ್ಣನೆ ನೈಟ್ರೋಜನ್ ಆವಿಯನ್ನು ಬಿಡುತ್ತಾ, ನಿಮಿಷಕ್ಕೆ ಒಂದೆರಡು ಡಿಗ್ರಿಯಂತೆ ಇಳಿಸುತ್ತಾರೆ. ಕೆಳಗೆ ಇಳಿಯಲು ಹಲವು ಗಂಟೆ ಬೇಕು. ಅಲ್ಲಿ ಸಾಮಾನ್ಯವಾಗಿ ಒಂದು ದಿನದಷ್ಟು ಹೊತ್ತು ಇಡುತ್ತಾರೆ. ಅಷ್ಟೇ ನಿಧಾನಕ್ಕೆ ಮೇಲೆ ತರುತ್ತಾರೆ. ಕೊನೆಗೆ 150–200 ಡಿಗ್ರಿಯಲ್ಲಿ ಟೆಂಪರಿಂಗ್. ಈ ಕೊನೆಯ ಹಂತ ಬಿಟ್ಟರೆ ಹೊಸದಾಗಿ ಹುಟ್ಟಿದ ಮಾರ್ಟೆನ್ಸೈಟ್ ಪೆಡಸಾಗಿಯೇ ಉಳಿಯುತ್ತದೆ. ಹಾಗಂತ ಭಾಗಕ್ಕೆ ಮೊದಲು ಮಾಡಿದ್ದ ಟೆಂಪರಿಂಗಿಗಿಂತ ಹೆಚ್ಚು ಬಿಸಿ ಮಾಡಿದರೆ ಇದ್ದ ಗಡಸುತನವೂ ಹೋಗುತ್ತದೆ. ಭಾಗದ ಹಿಂದಿನ ಹೀಟ್ ಟ್ರೀಟ್‌ಮೆಂಟ್ ಏನು ಅಂತ ಕೇಳದೇ ಕೆಲಸ ತೆಗೆದುಕೊಳ್ಳುವವರಿಂದ ದೂರ ಇರಿ.

ಮನೆಯಲ್ಲಿ ಮಾಡುವ ಯೋಚನೆ ಬಿಟ್ಟುಬಿಡಿ. ಮನೆಯ ಫ್ರೀಜರ್ ಮೈನಸ್ 18, ಅದು ಈ ಲೆಕ್ಕಕ್ಕೇ ಇಲ್ಲ. ಡ್ರೈ ಐಸ್ ಮೈನಸ್ 78. ಅಷ್ಟರಲ್ಲಿ ಹೊಸದಾಗಿ ಕ್ವೆಂಚ್ ಮಾಡಿದ ಒಂದು ಚಾಕುವಿಗೆ ನಿಜವಾಗಿಯೂ ಉಪಯೋಗ ಇದೆ, ಹವ್ಯಾಸಕ್ಕೆ ಚಾಕು ಮಾಡುವವರು ಮಾಡುತ್ತಾರೆ ಕೂಡ. ನಿಮ್ಮ ಹಳೆಯ ಭಾಗಗಳಿಗೆ ಇಲ್ಲ. ಲಿಕ್ವಿಡ್ ನೈಟ್ರೋಜನ್ ಅಂತೂ ಆಟವಲ್ಲ. ಒಂದು ಲೀಟರ್ ಆವಿಯಾದರೆ ಹತ್ತಿರ ಹತ್ತಿರ 700 ಲೀಟರ್ ಅನಿಲವಾಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಗ್ಯಾರೇಜಿನಲ್ಲಿ ಅದು ಆಮ್ಲಜನಕವನ್ನು ಹೊರಗೆ ತಳ್ಳಿದರೆ ಉಸಿರು ಕಟ್ಟಿದ ಅನುಭವವೂ ಆಗದೆ ಮನುಷ್ಯ ಕುಸಿಯುತ್ತಾನೆ. ಡ್ರೈ ಐಸಿನ ಕಾರ್ಬನ್ ಡೈಆಕ್ಸೈಡ್ ಕೂಡ ಮುಚ್ಚಿದ ಕೋಣೆಯಲ್ಲಿ ಅಪಾಯವೇ. ಎರಡನ್ನೂ ಬಿಗಿ ಮುಚ್ಚಳದ ಪಾತ್ರೆಯಲ್ಲಿ ಇಟ್ಟರೆ ಪಾತ್ರೆ ಸಿಡಿಯುತ್ತದೆ.

ಮಾಡಿದ್ದಾರೋ ಇಲ್ಲವೋ ಅಂತ ಕಣ್ಣಿಗೆ ಕಾಣುವುದಿಲ್ಲ. ಬಣ್ಣ ಬದಲಾಗುವುದಿಲ್ಲ, ತೂಕ ಬದಲಾಗುವುದಿಲ್ಲ. ಗಡಸುತನ ಪರೀಕ್ಷೆಯಲ್ಲಿ ಬಂದರೂ ರಾಕ್‌ವೆಲ್ ಸಿ ಮಾಪಕದಲ್ಲಿ ಒಂದೆರಡು ಅಂಕ, ಅದು ಯಂತ್ರದ ಏರುಪೇರಿನಲ್ಲೇ ಮುಳುಗಿಹೋಗಬಹುದು. ಉಳಿಕೆ ಆಸ್ಟೆನೈಟ್ ಅಳೆಯಲು ಎಕ್ಸ್-ರೇ ಡಿಫ್ರಾಕ್ಷನ್ ಬೇಕು. ಹಾಗಾಗಿ ಕೇಳಬೇಕಾದದ್ದು ಕಾಗದ. ಎಷ್ಟು ಗಂಟೆಗೆ ಎಷ್ಟು ಡಿಗ್ರಿ ಇತ್ತು ಅನ್ನುವ ಗ್ರಾಫ್ ಕೊಡಿ ಅನ್ನಿ. ಉಷ್ಣಾಂಶ ಅಳೆಯುವ ಥರ್ಮೋಕಪಲ್ ಪೆಟ್ಟಿಗೆಯ ಗಾಳಿಯಲ್ಲಿ ನೇತಾಡುತ್ತಿತ್ತೋ, ಭಾಗಕ್ಕೇ ತಾಗಿತ್ತೋ ಕೇಳಿ. ಇದಕ್ಕೆ ಮುಖ ಗಂಟಿಕ್ಕಿದರೆ ಉತ್ತರ ಸಿಕ್ಕಂತೆಯೇ. ಬೀಡು, ಅಲ್ಯುಮಿನಿಯಂ, ಉಕ್ಕು ಮೂರಕ್ಕೂ ಒಂದೇ ಶೇಕಡಾ ಲಾಭ ಬರೆದ ಕರಪತ್ರ ಕಂಡರೆ ಮಡಚಿ ವಾಪಸ್ ಕೊಡಿ.

‘ಮಾಡಿಸಿದ ಮೇಲೆ ಇಂಜಿನ್ ನಯವಾಗಿ ಓಡ್ತಿದೆ’ ಅನ್ನುವವರು ಸುಳ್ಳು ಹೇಳುತ್ತಾರೆ ಅಂತ ನಾನು ಹೇಳುವುದಿಲ್ಲ. ಇಂಜಿನ್ ಪೂರ್ತಿ ಬಿಚ್ಚಿ, ತೊಳೆದು, ಅಳೆದು, ಹೊಸ ರಿಂಗ್ ಹಾಕಿ ಕಟ್ಟಿದ ಮೇಲೆ ನಯವಾಗಿ ಓಡಲೇಬೇಕು, ಅಲ್ವಾ?

ಕೊನೆಗೆ ವಾಲ್ವ್ ಸೀಟ್, ಅಂದರೆ ಇಂಜಿನ್ ಹೆಡ್ಡಿನಲ್ಲಿ ವಾಲ್ವ್ ಬಂದು ಕೂರುವ ರಿಂಗ್. ಅದನ್ನು ಕೂರಿಸುವುದು ಬೇರೆಯೇ ಕೆಲಸ, ನೂರಕ್ಕೆ ನೂರು ಉಪಯುಕ್ತ. ಅಲ್ಲಿ ಲೋಹದ ಗುಣ ಬದಲಿಸುವ ಉದ್ದೇಶವಿಲ್ಲ, ಸ್ವಲ್ಪ ಹೊತ್ತು ಕುಗ್ಗಿಸಿದರೆ ಸಾಕು. ಉಕ್ಕು ಮೈನಸ್ 196ಕ್ಕೆ ಹೋದಾಗ ಸುಮಾರು 0.2 ಶೇಕಡಾ ಕುಗ್ಗುತ್ತದೆ. 40 ಮಿಲಿಮೀಟರ್ ರಿಂಗ್ ಅಂದರೆ ಸುಮಾರು 0.08 ಮಿಲಿಮೀಟರ್. ಇನ್ನೊಂದು ಕಡೆ ಅಲ್ಯುಮಿನಿಯಂ ಹೆಡ್ಡನ್ನು ಹದವಾಗಿ ಬಿಸಿ ಮಾಡಿದರೆ ಅದರ ಕುಳಿ ಹಿಗ್ಗುತ್ತದೆ. ಸುತ್ತಿಗೆ ಇಲ್ಲದೆ, ಕುಳಿ ಗೀರದೆ ರಿಂಗ್ ಒಳಗೆ ಇಳಿಯುತ್ತದೆ. ಇದನ್ನು ಆ ಕೆಲಸ ಬಲ್ಲ ವರ್ಕ್‌ಶಾಪಿನಲ್ಲಿ, ಗಾಳಿ ಆಡುವ ಜಾಗದಲ್ಲೇ ಮಾಡಿಸಿ. ಪಕ್ಕದಲ್ಲಿ ನಿಂತು ಇಷ್ಟು ಗಮನಿಸಿ. ರಿಂಗನ್ನು ನೈಟ್ರೋಜನ್‌ಗೆ ಬಿಟ್ಟಾಗ ಮೊದಲು ಭೋರೆಂದು ಕುದಿಯುತ್ತದೆ. ಆ ಕುದಿ ನಿಂತಾಗ ರಿಂಗ್ ಪೂರ್ತಿ ತಣಿದಿದೆ ಅಂತ ಅರ್ಥ, ಅದಕ್ಕೆ ಮೊದಲು ತೆಗೆಯಬಾರದು. ತೆಗೆದ ಮೇಲೆ ಇರುವುದು ಕೆಲವೇ ಸೆಕೆಂಡು, ಮೇಲೆ ಮಂಜು ದಪ್ಪಗಟ್ಟುವ ಮೊದಲೇ ನೇರವಾಗಿ ಇಳಿಸಬೇಕು. ಇಳಿದ ಮೇಲೆ ಕೈಬಿಡದೆ ಸಲಾಕೆಯಿಂದ ಒತ್ತಿ ಹಿಡಿಯಬೇಕು. ರಿಂಗ್ ಬೆಚ್ಚಗಾಗಿ ಕಚ್ಚಿಕೊಳ್ಳುವಾಗ ಒಂದು ಪಕ್ಕ ಮೇಲಕ್ಕೆ ಏಳುವುದುಂಟು.